ದವಾಖಾನೆ ಹೆಚ್ಚಾದವು ಸರಿ, ನಮ್ಮ ಓಣಿಯ ಬಿ.ಪಿ. ಯಾಕೆ ಇಳಿಯುತ್ತಿಲ್ಲ? (ಕಲಬುರಗಿ)

ಬಿಸಿಲೂರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ಮನೆ ರಿಂಗ್ ರೋಡಿನ ಆಚೆ. ಒಂದು ವಿಷಯ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಮೊದಲೆಲ್ಲ ಎದೆನೋವು ಅಂದರೆ ಸೊಲ್ಲಾಪುರ, ಇಲ್ಲಾ ಹೈದರಾಬಾದ್. ದಾರಿಯಲ್ಲೇ ಹೋದವರು ಎಷ್ಟೋ ಜನ. ಈಗ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್ ಇದೆ, ಇಎಸ್‌ಐ ಮೆಡಿಕಲ್ ಕಾಲೇಜು ಇದೆ, ಕ್ಯಾನ್ಸರಿಗೆ ಕಿದ್ವಾಯಿ ಕೇಂದ್ರ ಇದೆ. 2024ರ ಡಿಸೆಂಬರ್‌ನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ ಶುರುವಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ 371 ಹಾಸಿಗೆ. ಖುಷಿಯ ವಿಷಯವೇ.

ಆದರೆ ನಮ್ಮ ಓಣಿಯಲ್ಲಿ ನಲವತ್ತೈದು ದಾಟಿ ಬಿ.ಪಿ. ಇಲ್ಲದವರನ್ನು ಹುಡುಕಬೇಕು. ಐವತ್ತೈದಕ್ಕೆಲ್ಲ ಲಕ್ವಾ (ಪಾರ್ಶ್ವವಾಯು) ಹೊಡೆದು ಮಂಚ ಹಿಡಿಯುತ್ತಾರೆ. ಇಲ್ಲಿಂದ ಎರಡು ಕಿಲೋಮೀಟರ್ ದೂರದ ಬಡಾವಣೆಯಲ್ಲಿ ಅದೇ ಬಿ.ಪಿ. ಇದ್ದವರು ಎಂಬತ್ತಕ್ಕೂ ವಾಕಿಂಗ್ ಹೋಗುತ್ತಾರೆ. ದವಾಖಾನೆ ಇಬ್ಬರಿಗೂ ಒಂದೇ, ಎಷ್ಟೋ ಸಲ ಡಾಕ್ಟರೂ ಒಬ್ಬರೇ. ಹಾಗಾದರೆ ಈ ಇಪ್ಪತ್ತೈದು ವರ್ಷ ಎಲ್ಲಿ ಸೋರಿಹೋಯಿತು?

ನನ್ನ ಅನುಮಾನ ಮನೆ, ನೀರು ಮತ್ತೆ ಕೆಲಸದ ಹೊತ್ತಿನ ಮೇಲೆ. ಸುಮ್ನೆ ಸರ್ಕಾರಕ್ಕೆ ಬೈಯೋದು ಬೇಡ. ಗೊತ್ತಿದ್ದವರು ಬರೆಯಿರಿ.

ಖಡಕ್ ರೊಟ್ಟಿ

ಮೇಷ್ಟ್ರೇ, ನೇರ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅರ್ಧ ರೋಗ ಬಾಯಿಂದ ಬಂದದ್ದು. ಎದ್ದ ಕೂಡಲೇ ಗುಟ್ಕಾ, ಸಂಜೆಗೆ ಕ್ವಾರ್ಟರ್, ನಡುವೆ ಮಿರ್ಚಿ ಭಜಿ. ನಾನು ಕಟ್ಟಡದ ಗುತ್ತಿಗೆ ಮಾಡುವವನು, ದಿನಾ ನೋಡುತ್ತೇನೆ. ಗುಟ್ಕಾಗೆ ರೊಕ್ಕ ಇರುತ್ತದೆ, ಗುಳಿಗೆಗೆ ಇರುವುದಿಲ್ಲ.

ರೇಷನ್ ಫ್ರೀ, ಹೆಣ್ಣುಮಕ್ಕಳಿಗೆ ಬಸ್ ಫ್ರೀ, ಕರೆಂಟ್ ಫ್ರೀ, ಬಿಪಿಎಲ್ ಕಾರ್ಡಿಗೆ ಐದು ಲಕ್ಷದವರೆಗೆ ಆಪರೇಷನ್ ಫ್ರೀ. ಇಷ್ಟಾದ ಮೇಲೂ ಮನೆ, ನೀರು ಅಂತ ನೆಪ ಯಾಕೆ?

ಪಿಎಸ್‌ಎಂ ಕ್ಲಾಸು

ಖಡಕ್ ರೊಟ್ಟಿಯವರ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಪ್ರತಿ ವರ್ಷ ಕೇಳುತ್ತಿದ್ದರು. ಸಮುದಾಯ ವೈದ್ಯಶಾಸ್ತ್ರ (ಪಿಎಸ್‌ಎಂ) ಪಾಠ ಮಾಡಿ ನಿವೃತ್ತನಾದವನು ನಾನು, ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

1967ರಲ್ಲಿ ಲಂಡನ್ನಿನ ಸರ್ಕಾರಿ ನೌಕರರ ಮೇಲೆ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಹೆಚ್ಚುಕಡಿಮೆ 18,000 ಗಂಡಸರು. ಎಲ್ಲರಿಗೂ ಕಾಯಂ ನೌಕರಿ, ಎಲ್ಲರಿಗೂ ಸರ್ಕಾರದ ಉಚಿತ ಚಿಕಿತ್ಸೆ. ಸ್ಲಮ್ಮಿನವರು ಒಬ್ಬರೂ ಇರಲಿಲ್ಲ. ಆದರೂ ತೀರಾ ಕೆಳಗಿನ ದರ್ಜೆಯ ಜವಾನ, ದ್ವಾರಪಾಲಕರು ಹೃದ್ರೋಗದಿಂದ ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳ ಮೂರು ಪಟ್ಟು ಇತ್ತು. ಕೆಳಗಿನವರು ಜಾಸ್ತಿ ಸಿಗರೇಟು ಸೇದುತ್ತಿದ್ದರು, ನಿಜ. ಸಿಗರೇಟು, ಬಿ.ಪಿ., ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕ ಹಾಕಿ ಕಳೆದರೂ ಅಂತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಳಿಯಲಿಲ್ಲ.

ಅಂದರೆ ಗುಟ್ಕಾ ಕಾರಣ ಅಲ್ಲ ಅಂತಲ್ಲ. ಗುಟ್ಕಾ ಒಂದೇ ಕಾರಣ ಅಲ್ಲ. ಹಸಿವು ಅಡಗಿಸಲು, ನಿದ್ದೆ ತಡೆಯಲು ಗುಟ್ಕಾ ಹಾಕುವವನಿಗೆ ಬರೀ 'ಬಿಡು' ಅಂದರೆ ಬಿಡುತ್ತಾನೆಯೇ?

ಈ ಕೆಲಸದಲ್ಲಿದ್ದ ಮೈಕಲ್ ಮಾರ್ಮಟ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗದ ಅಧ್ಯಕ್ಷರಾದರು. ಆಯೋಗದ ವರದಿ ಬಂದದ್ದು 2008ರಲ್ಲಿ. ಗ್ಲಾಸ್ಗೋ ಊರಿನ ಕ್ಯಾಲ್ಟನ್ ಎಂಬ ಬಡ ಪ್ರದೇಶದಲ್ಲಿ ಗಂಡಸರ ಸರಾಸರಿ ಆಯುಷ್ಯ 54, ಅದರ ಹತ್ತಿರದ ಲೆಂಜಿಯಲ್ಲಿ 82 ಅಂತ ಅದರಲ್ಲಿದೆ. 28 ವರ್ಷದ ಅಂತರ, ಅದೂ ಶ್ರೀಮಂತ ದೇಶದಲ್ಲಿ. ಮೇಷ್ಟ್ರು ಹೇಳಿದ ಇಪ್ಪತ್ತೈದು ವರ್ಷ ಉತ್ಪ್ರೇಕ್ಷೆ ಅನಿಸಿದವರಿಗೆ ಇದನ್ನು ಹೇಳುತ್ತಿದ್ದೇನೆ.

ಆಶಾ ಅಕ್ಕ

ಸರ್ ಹೇಳಿದ್ದು ಲಂಡನ್ ಆಯಿತು. ನಾನು ನಮ್ಮ ಏರಿಯಾದ್ದು ಹೇಳುತ್ತೇನೆ.

ನಾನು ನೋಡುವ ಮನೆಗಳಲ್ಲಿ ಜಾಸ್ತಿ ತಗಡಿನವು. ಮೇ ತಿಂಗಳು ಮಧ್ಯಾಹ್ನ ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲೇ ವಾಸಿ. ಹತ್ತು ಬೈ ಹತ್ತರ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಬಾಣಂತಿ. ಒಬ್ಬಳು ಹುಡುಗಿ ಕೂಸನ್ನು ನೆಲಕ್ಕೆ ಹಾಕಿದ ಫರ್ಸಿ ಕಲ್ಲಿನ ಮೇಲೆ ಒದ್ದೆ ಬಟ್ಟೆ ಹಾಸಿ ಮಲಗಿಸಿದ್ದಳು. ತಾನು ಬಾಗಿಲಲ್ಲಿ ಕೂತು ರಟ್ಟಿನಿಂದ ಗಾಳಿ ಹಾಕುತ್ತಿದ್ದಳು. ಫ್ಯಾನ್ ಇತ್ತು, ತಗಡಿನ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತಿತ್ತು. ಅವಳಿಗೆ ನಾನು ಪುಸ್ತಕದಲ್ಲಿ ಇದ್ದಂತೆ 'ಕೂಸನ್ನು ಬೆಚ್ಚಗೆ ಇಡಮ್ಮ' ಅನ್ನಬೇಕಾ?

ಫ್ರೀ ಕರೆಂಟ್ ಮಾತು ಬಂತಲ್ಲ. ನಮ್ಮಲ್ಲಿ ಒಬ್ಬ ಮಾಲೀಕರ ಒಂದೇ ಮೀಟರಿಗೆ ನಾಲ್ಕು ಬಾಡಿಗೆ ಮನೆ. ನಾಲ್ಕೂ ಸೇರಿ 200 ಯೂನಿಟ್ ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್. ಮಾಲೀಕರು ಅದನ್ನು ನಾಲ್ಕು ಭಾಗ ಮಾಡಿ ವಸೂಲಿ ಮಾಡುತ್ತಾರೆ. ಬೇರೆ ಮೀಟರ್ ಹಾಕಿಸಿಕೊಡಿ ಅಂದರೆ ಮನೆ ಖಾಲಿ ಮಾಡು ಅಂತಾರೆ. ತೀರಾ ಬಡವರಿಗೇ ಫ್ರೀ ಕರೆಂಟ್ ಸಿಕ್ಕಿಲ್ಲ ನೋಡಿ.

ಇನ್ನೊಂದು. ವಾರ್ಡಿನ ಕ್ಲಿನಿಕ್ ಸಂಜೆ ನಾಲ್ಕೂವರೆಗೆ ಬಂದ್. ಕೂಲಿ ಬಿಡುವುದು ಆರಕ್ಕೆ. ಬಿ.ಪಿ. ಚೆಕ್ ಮಾಡಿಸಬೇಕು ಅಂದರೆ ಅವತ್ತಿನ ಕೂಲಿ ಬಿಡಬೇಕು. ಗುಳಿಗೆ ಫ್ರೀ, ಆದರೆ ಅದನ್ನು ತರೋಕೆ ಒಂದು ದಿನದ ಪಗಾರ ಬೀಳುತ್ತದೆ.

ಮೆಡಿಕಲ್ ಶಾಪ್

ಅಕ್ಕ ಹೇಳಿದ ಕೊನೆಯ ಮಾತನ್ನು ನನ್ನ ಕೌಂಟರಿನಲ್ಲಿ ದಿನಾ ನೋಡುತ್ತೇನೆ. ರಾತ್ರಿ ಎಂಟರ ಮೇಲೆ ಬರುತ್ತಾರೆ, ಕೈಯಲ್ಲಿ ಹಳೇ ಖಾಲಿ ಸ್ಟ್ರಿಪ್. 'ಇದರದ್ದು ಎರಡು ಕೊಡ್ರಿ.' ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಎರಡು ಗುಳಿಗೆ ಕೊಡುತ್ತೇನೆ. ಮೂರನೇ ದಿನ ಬರುವುದಿಲ್ಲ. ಶನಿವಾರ ಪಗಾರ ಆದಾಗ ಮತ್ತೆ ಬರುತ್ತಾರೆ. ವಾರದಲ್ಲಿ ನಾಲ್ಕೈದು ದಿನ ಬಿ.ಪಿ. ಗುಳಿಗೆ ಇಲ್ಲ. ಆಮೇಲೆ ಲಕ್ವಾ ಹೊಡೆದಾಗ ಐದು ಲಕ್ಷದ ಕಾರ್ಡು ಕೆಲಸಕ್ಕೆ ಬರುತ್ತದೆ.

ಇನ್ಸುಲಿನ್‌ದು ಇನ್ನೂ ಕಷ್ಟ. ಬಳಸಲು ಶುರು ಮಾಡಿದ ಬಾಟಲಿ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಒಳಗಿದ್ದರೆ ನಾಲ್ಕು ವಾರ ಬಾಳುತ್ತದೆ. ನಮ್ಮೂರಲ್ಲಿ ಏಪ್ರಿಲ್, ಮೇನಲ್ಲಿ ಹೊರಗೇ 43. ಫ್ರಿಜ್ ಇಲ್ಲದ ತಗಡಿನ ಮನೆಯಲ್ಲಿ ಗೂಡಿನಲ್ಲಿಟ್ಟರೆ ಔಷಧದ ಸತ್ವ ಹೋಗುತ್ತದೆ. ರೋಗಿ ಸರಿಯಾಗಿ ಸೂಜಿ ಚುಚ್ಚಿಕೊಂಡಿರುತ್ತಾನೆ, ಶುಗರ್ ಮಾತ್ರ ಮುನ್ನೂರು. ಡಾಕ್ಟರು 'ಪಥ್ಯ ಮಾಡಿಲ್ಲ' ಅಂತ ಬೈಯುತ್ತಾರೆ.

ಫ್ರಿಜ್ ಇಲ್ಲದವರಿಗೆ ನಾನು ಗಡಿಗೆಯ ಉಪಾಯ ಹೇಳಿಕೊಡುತ್ತೇನೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕದು, ನಡುವೆ ಉಸುಕು, ಉಸುಕಿಗೆ ಬೆಳಿಗ್ಗೆ ಸಂಜೆ ನೀರು. ಇನ್ಸುಲಿನ್ ಬಾಟಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿ ಒಳಗಿನ ಗಡಿಗೆಯಲ್ಲಿ. ಮೇಲೆ ಒದ್ದೆ ಬಟ್ಟೆ. ನೆರಳಲ್ಲಿ, ಗಾಳಿ ಆಡುವಲ್ಲಿ ಇಡಬೇಕು. ನಮ್ಮ ಒಣ ಬಿಸಿಲಿಗೆ ಇದು ಚೆನ್ನಾಗಿ ನಡೆಯುತ್ತದೆ, ಮಳೆಗಾಲದಲ್ಲಿ ಅಷ್ಟು ನಡೆಯುವುದಿಲ್ಲ. ಉಸುಕಿಗೆ ಹಾಕಲು ನೀರು ಇರಬೇಕು, ಅದು ಬೇರೆ ಮಾತು.

ನಳದ ನೀರು

ನೀರಿನ ಮಾತು ಬಂದದ್ದರಿಂದ ಇಳಿಯುತ್ತೇನೆ. ನಾನು ನಿವೃತ್ತ ಎಂಜಿನಿಯರ್.

ಊರಿಗೆ ನೀರು ಬರುವುದು ಭೀಮಾ ನದಿಯಿಂದ, ಬೆಣ್ಣೆತೊರಾದಿಂದ. ಮೂಲದಲ್ಲಿ ನೀರು ಶುದ್ಧ ಮಾಡಿಯೇ ಬಿಡುತ್ತಾರೆ. ಎಡವಟ್ಟು ಆಗುವುದು ದಾರಿಯಲ್ಲಿ. ಪೈಪಿನಲ್ಲಿ ಯಾವಾಗಲೂ ಒತ್ತಡ ಇದ್ದರೆ ಸೋರುವ ಜಾಗದಲ್ಲಿ ನೀರು ಹೊರಗೆ ಬರುತ್ತದೆ. ಸರಬರಾಜು ನಿಲ್ಲಿಸಿ ಪೈಪು ಖಾಲಿಯಾದರೆ ಅದೇ ಬಿರುಕಿನಿಂದ ಗಟಾರದ ನೀರು ಒಳಗೆ ಹೋಗುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೆಲವು ಕೊಡ ಅದೇ. ಮನೆಯಲ್ಲಿ ಸಂಪು, ಫಿಲ್ಟರ್ ಇದ್ದವರು ಪಾರು. ನಳದ ಬಾಯಿಗೆ ನೇರ ಕೊಡ ಹಿಡಿಯುವವರು ಅದನ್ನೇ ಕುಡಿದು ಕಾಯಿಲೆ ಬೀಳುತ್ತಾರೆ.

ವಿಶ್ವಬ್ಯಾಂಕ್ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತೆ ನಮ್ಮೂರಿನ ಕೆಲವು ವಾರ್ಡುಗಳಲ್ಲಿ 24 ತಾಸು ನೀರಿನ ಪ್ರಯೋಗ ನಡೆದದ್ದು ಹಳಬರಿಗೆ ನೆನಪಿರಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಅದರ ಮೇಲೆ ಒಳ್ಳೇ ಅಧ್ಯಯನ ಆಯಿತು, 2015ರಲ್ಲಿ ಪ್ರಕಟವಾಯಿತು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಟೈಫಾಯ್ಡ್ ಬಂದ ಮನೆಗಳೂ ಕಡಿಮೆ ಇದ್ದವು. ಸರಾಸರಿ ಮಾತ್ರ ನೋಡಿದವರು 'ಏನೂ ಉಪಯೋಗ ಆಗಲಿಲ್ಲ' ಅನ್ನುತ್ತಾರೆ. ಉಪಯೋಗ ಆದದ್ದು ಯಾರಿಗೆ ಅಂತ ನೋಡಬೇಕಿತ್ತು. ನಾನು ನೌಕರಿಯಲ್ಲಿದ್ದಾಗ ಯಾವ ಮೀಟಿಂಗಿನಲ್ಲೂ ಈ ಪ್ರಶ್ನೆ ಬರಲಿಲ್ಲ. ಎಷ್ಟು ಕಿಲೋಮೀಟರ್ ಪೈಪು, ಎಷ್ಟು ಕೋಟಿ, ಇಷ್ಟೇ.

ಡೆಂಗಿದೂ ಇದೇ ಕತೆ. ಸೊಳ್ಳೆ ಮೊಟ್ಟೆಯಿಂದ ಹಾರುವ ತನಕ ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಉಜ್ಜಿ ಅನ್ನುತ್ತಾರೆ. ನೀರು ಬರುವುದೇ ಐದಾರು ದಿನಕ್ಕೊಮ್ಮೆ ಆದರೆ, ಮುಂದಿನ ಸಲ ಬರುತ್ತದೋ ಇಲ್ಲವೋ ಅನ್ನುವ ಭಯದಲ್ಲಿ ಡ್ರಮ್ ಚೆಲ್ಲುವವರು ಯಾರು? 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಇಟ್ಟಿತು. ದಂಡ ಇರಲಿ, ಬೇಡ ಅನ್ನುವುದಿಲ್ಲ. ನೀರು ಬಿಡದವರಿಗೆ ದಂಡ ಎಷ್ಟು?

ಯಾದಗಿರಿಯವಳು

ನಾನೊಂದು ಸೇರಿಸಲಾ? ನಾವು ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ನಾನು ಈಗ ಒಂದು ಟೇಲರಿಂಗ್ ಅಂಗಡಿಯಲ್ಲಿ ಇದ್ದೇನೆ.

ನೀವೆಲ್ಲ ವಾರ್ಡು, ಓಣಿ ಅನ್ನುತ್ತೀರಿ. ನಾವು ಯಾವ ವಾರ್ಡಿನ ಪಟ್ಟಿಯಲ್ಲೂ ಇಲ್ಲ. ಕಾರ್ಡು ಊರಲ್ಲಿ, ಮತ ಊರಲ್ಲಿ. ಗುಡಿಸಲು ಹಾಕಿದ ಜಾಗ ಘೋಷಿತ ಸ್ಲಮ್ ಅಲ್ಲ. ಘೋಷಣೆ ಆಗದೆ ಹಕ್ಕುಪತ್ರ ಇಲ್ಲ. ಹಕ್ಕುಪತ್ರ ಇಲ್ಲದೆ ನಳ ಕೇಳಿದರೆ ನಗುತ್ತಾರೆ. ಬಯಲಿಗೆ ಹೋಗಬೇಕು, ಅದೂ ಕತ್ತಲಾದ ಮೇಲೆ. ಹಾಗಾಗಿ ಹೆಂಗಸರು ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಈ ಬಿಸಿಲಲ್ಲಿ! ಉರಿಮೂತ್ರ ನಮ್ಮಲ್ಲಿ ಎಲ್ಲರಿಗೂ ಇದೆ, ಯಾರೂ ಅದನ್ನು ರೋಗ ಅಂತ ಲೆಕ್ಕಕ್ಕೇ ಇಟ್ಟಿಲ್ಲ.

ರೇಷನ್ ಈಗ ಎಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು ಅಂತ ಹೇಳುತ್ತಾರೆ, ಹೆಬ್ಬೆಟ್ಟು ಒತ್ತಿದರೆ ಸಾಕಂತೆ. ಗಾರೆ ಕೆಲಸ ಮಾಡಿ ನಮ್ಮ ಅತ್ತೆಯ ಹೆಬ್ಬೆಟ್ಟಿನ ಗೆರೆಯೇ ಸವೆದುಹೋಗಿದೆ. ಮಷಿನ್ ತಗೊಳ್ಳುವುದಿಲ್ಲ.

ಖಡಕ್ ರೊಟ್ಟಿ

ತಂಗೀ, ನಿಮ್ಮ ಮಾತಿಗೆ ಎದುರು ಮಾತಿಲ್ಲ.

ಆದರೂ ನನ್ನ ವಾದ ಪೂರ್ತಿ ಬಿಡುವುದಿಲ್ಲ. ಸೈಟಿನಲ್ಲಿ ಗುಟ್ಕಾ ಬಂದ್ ಮಾಡಿಸಿದ ಮೇಲೆ ಹುಡುಗರ ಊಟ ಸುಧಾರಿಸಿದ್ದನ್ನು ಕಂಡಿದ್ದೇನೆ. ಅದಕ್ಕೆ ಯಾವ ಆಯೋಗದ ವರದಿಯೂ ಬೇಕಾಗಲಿಲ್ಲ.

ಬಿಸಿಲಿನ ಬಗ್ಗೆ ಹೇಳುವುದಾದರೆ, ಏಪ್ರಿಲ್, ಮೇನಲ್ಲಿ ನಾನು ಆರಕ್ಕೆ ಕೆಲಸ ಶುರು ಮಾಡಿಸುತ್ತೇನೆ. ಹನ್ನೊಂದೂವರೆಗೆ ನಿಲ್ಲಿಸಿ ನಾಲ್ಕರ ಮೇಲೆ ಮತ್ತೆ. ದಯೆ ಅಂತ ತಿಳಿಯಬೇಡಿ, ಮಧ್ಯಾಹ್ನ ಕೆಲಸವೇ ಸಾಗುವುದಿಲ್ಲ. ಎಲ್ಲ ಗುತ್ತಿಗೆದಾರರೂ ಹೀಗೆ ಮಾಡುವುದಿಲ್ಲ, ಮಾಲೀಕರು ತಾರೀಕು ಹಿಡಿದು ಕೂತಿರುತ್ತಾರೆ.

ಬಿಸಿಲೂರು

ಇದೊಂದು ನನಗೆ ಯಾವಾಗಲೂ ಚುಚ್ಚುತ್ತದೆ ಸರ್. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಇಲ್ಲಿನ ಬಿಸಿಲು ಕೆಲಸಕ್ಕೆ ಆಗುವಂಥದ್ದಲ್ಲ ಅಂತ ಸರ್ಕಾರವೇ ಒಪ್ಪಿದ ಹಾಗಾಯಿತು. ಫ್ಯಾನ್ ಕೆಳಗೆ ಕೂರುವ ನಮಗೆ ಆದೇಶ ಇದೆ. ಗಂಜ್‌ನಲ್ಲಿ (ಕಾಳಿನ ಮಾರುಕಟ್ಟೆ) ಮೂಟೆ ಹೊರುವ ಹಮಾಲನಿಗೆ, ಡಾಂಬರು ಹಾಕುವವನಿಗೆ ಇಲ್ಲ.

ಗಂಜ್ ಲೆಕ್ಕ

ಗಂಜ್ ಅಂದಿರಿ, ಬಂದೆ. ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು.

ಮಿಲ್ಲಿನ ಧೂಳಿನ ಬಗ್ಗೆ ಬರೆಯೋಣ ಅಂತಿದ್ದೆ, ಆದರೆ ಅದಕ್ಕಿಂತ ಬೇಳೆಯ ವಿಷಯವೇ ದೊಡ್ಡದು. ನಮ್ಮದು ತೊಗರಿ ಕಣಜ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿತು. ಮೂಟೆ ಹೊರುವವರ ಡಬ್ಬಿ ತೆಗೆದು ನೋಡಿ. ಎರಡು ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ. ಬೇಳೆ ಇದ್ದರೂ ತಿಳಿ ಸಾರು. ದಿನಕ್ಕೆ ಕ್ವಿಂಟಾಲುಗಟ್ಟಲೆ ಬೇಳೆ ಹೆಗಲ ಮೇಲೆ ಹೋಗುತ್ತದೆ.

ಹೋದ ವರ್ಷ ಒಬ್ಬ ಹಮಾಲರಿಗೆ ಟಿ.ಬಿ. ಬಂತು. ಗುಳಿಗೆ ಫ್ರೀ ಕೊಟ್ಟರು, ತಿಂಗಳಿಗೆ ಸಾವಿರ ಖಾತೆಗೆ ಬರುತ್ತದೆ ಅಂದರು. ಆಮೇಲೆ ಮಗನಿಗೂ ಬಂತು. ಒಂದೇ ಕೋಣೆ, ಖಿಡಕಿ ಇಲ್ಲ. ಪಿಎಸ್‌ಎಂ ಸರ್, ಊಟಕ್ಕೂ ಟಿ.ಬಿ.ಗೂ ನಿಜವಾಗಿ ಸಂಬಂಧ ಇದೆಯಾ?

ಪಿಎಸ್‌ಎಂ ಕ್ಲಾಸು

ಇದೆ. ಬಹಳ ಗಟ್ಟಿ ಪುರಾವೆ ಇದೆ, ಅದೂ ನಮ್ಮ ದೇಶದ್ದೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಜೊತೆಗಾರರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 'ರೇಷನ್ಸ್' ಎಂಬ ಪ್ರಯೋಗ ಮಾಡಿದರು. ಟಿ.ಬಿ. ರೋಗಿಗಳಿಗೆಲ್ಲ ಆಹಾರದ ಬುಟ್ಟಿ. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ತಿಂಗಳಿಗೆ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಗುಳಿಗೆ. 2023ರಲ್ಲಿ ಫಲಿತಾಂಶ ಬಂತು. ಈ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು ಶೇ 39ರಷ್ಟು ಕಡಿಮೆ. ಕಫದಿಂದ ಇನ್ನೊಬ್ಬರಿಗೆ ಹರಡುವ ಶ್ವಾಸಕೋಶದ ಟಿ.ಬಿ. ಶೇ 48ರಷ್ಟು ಕಡಿಮೆ.

ಒಂದೂವರೆ ಕೆ.ಜಿ. ಬೇಳೆ!

ಟಿ.ಬಿ. ರೋಗಿಯ ಊಟಕ್ಕೆ ಸರ್ಕಾರ ತಿಂಗಳಿಗೆ ಕೊಡುವ ನಿಕ್ಷಯ್ ಪೋಷಣೆಯ ಹಣ 2018ರಲ್ಲಿ 500 ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಅದು ರೋಗಿಗೆ. ಮನೆ ಮಂದಿಗೆ ಬೇಳೆ ಕೊಡುವ ಕೆಲಸ ಆಗಬೇಕು. ತೊಗರಿ ಬೆಳೆಯುವ ಜಿಲ್ಲೆಯಲ್ಲಿ ಆಗದಿದ್ದರೆ ಇನ್ನೆಲ್ಲಿ?

ಕ್ಲಿನಿಕ್ ಹೊತ್ತಿನ ಬಗ್ಗೆಯೂ ಒಂದು ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮಾರ್ಗಸೂಚಿಯಲ್ಲೇ ನಗರದ ಪ್ರಾಥಮಿಕ ಆರೋಗ್ಯ ಕೇಂದ್ರ ಆದಷ್ಟು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಇರಲಿ ಅಂತ ಇದೆ. ಬರೆದವರಿಗೆ ಕೂಲಿಯವರ ದಿನ ಗೊತ್ತಿತ್ತು. ಹಾಗಾಗಿ ಸಂಜೆ ಓಪಿಡಿ (ಹೊರರೋಗಿಗಳ ತಪಾಸಣೆ) ಕೇಳುವುದು ಹೊಸ ಬೇಡಿಕೆ ಅಲ್ಲವೇ ಅಲ್ಲ.

ಬೀದರ್ ಕೋಟೆ

ಬೀದರಿನಿಂದ ಓದುತ್ತಿದ್ದೇನೆ. ನಾವು ನಿಮಗಿಂತ ಎತ್ತರದಲ್ಲಿದ್ದೇವೆ, ಸ್ವಲ್ಪ ತಂಪು, ಅಷ್ಟೇ ಫರಕು. ತಗಡು ಇಲ್ಲೂ ತಗಡೇ.

ತಗಡಿಗೆ ಬಿಳಿ ಬಣ್ಣ ಹಚ್ಚುವ ಬಗ್ಗೆ ಯಾಕೆ ಯಾರೂ ಹೇಳಲಿಲ್ಲ? ಅಹಮದಾಬಾದ್‌ನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಮಾಮೂಲಿಗಿಂತ 1,344 ಸಾವು ಹೆಚ್ಚಾಗಿದ್ದವು. ಅಲ್ಲಿನ ಪಾಲಿಕೆ 2013ರಲ್ಲಿ ಬಿಸಿಲಿನ ಕ್ರಿಯಾಯೋಜನೆ ಮಾಡಿತು. ಆಮೇಲೆ ಬಡವರ ಮನೆ ಮೇಲ್ಛಾವಣಿಗೆ ಬಿಳಿ ಬಳಿಸಲು ಶುರು ಮಾಡಿತು. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೇ ಒಂದು ನೀತಿ ತಂದಿದೆ. ಜಹೀರಾಬಾದ್ ದಾಟಿದರೆ ಬೇರೆ ಬಿಸಿಲೇನೂ ಇಲ್ಲವಲ್ಲ.

ಆಶಾ ಅಕ್ಕ

ಸುಣ್ಣ ಹಚ್ಚಿ ನೋಡಿದ್ದಾರೆ ಅಣ್ಣಾ, ಒಂದೇ ಮಳೆಗೆ ಹೋಯಿತು.

ನಳದ ನೀರು

ತಗಡಿಗೆ ಬರೀ ಸುಣ್ಣ ಕೂರುವುದಿಲ್ಲ. ಕಾಂಕ್ರೀಟ್, ಫರ್ಸಿ ಛಾವಣಿಗೆ ಸುಣ್ಣಕ್ಕೆ ಗೋಂದು ಕಲಸಿ ಎರಡು ಕೋಟ್ ಹಚ್ಚಬಹುದು, ಪ್ರತಿ ವರ್ಷ ಮಾರ್ಚ್‌ನಲ್ಲಿ. ತಗಡಿಗಾದರೆ ತುಕ್ಕು ಉಜ್ಜಿ, ತೊಳೆದು, ಪ್ರೈಮರ್ ಕೊಟ್ಟು, ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಪೇಂಟ್ ಹಚ್ಚಬೇಕು. ಒಳಗೆ ಎರಡರಿಂದ ಐದು ಡಿಗ್ರಿ ಇಳಿಯುತ್ತದೆ. ಒಳಗಡೆ ಬಿದಿರಿನ ತಟ್ಟಿ ಕಟ್ಟಿ ನಡುವೆ ಒಂದು ಗೇಣು ಗಾಳಿಗೆ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಪ್ರೈಮರ್ ಹಚ್ಚದೆ ಬಿಟ್ಟರೆ ಪೇಂಟ್ ಸಿಪ್ಪೆ ಏಳುತ್ತದೆ.

ಯಾದಗಿರಿಯವಳು

ಬಾಡಿಗೆ ಮನೆಗೆ ನಾವು ಪೇಂಟ್ ಹಚ್ಚಿದರೆ ಮಾಲೀಕರು 'ಮನೆ ಸುಧಾರಿಸಿದೆ' ಅಂತ ಬಾಡಿಗೆ ಏರಿಸುತ್ತಾರೆ. ಏರಿಸಿದ್ದಾರೆ ಕೂಡ. ಮೊದಲು ಅದಕ್ಕೊಂದು ಕಾಗದ ಮಾಡಿಸಿ.

ಖಡಕ್ ರೊಟ್ಟಿ

ಪೇಂಟ್ ಸಗಟಿನಲ್ಲಿ ತಂದುಕೊಡುವ ಜವಾಬ್ದಾರಿ ನನ್ನದು, ಹುಡುಗರನ್ನೂ ಕಳಿಸುತ್ತೇನೆ. ರೊಕ್ಕ ಯಾರು ಕೊಡುತ್ತಾರೆ ಅನ್ನುವುದನ್ನು ನೀವು ಗೊತ್ತು ಮಾಡಿ. ಬಾಡಿಗೆ ಕಾಗದ ಇಲ್ಲದೆ ಒಂದು ಮನೆಯನ್ನೂ ಮುಟ್ಟುವುದು ಬೇಡ, ತಂಗಿ ಹೇಳಿದ್ದು ಸರಿ.

ಆಶಾ ಅಕ್ಕ

ಮಹಿಳಾ ಆರೋಗ್ಯ ಸಮಿತಿಗೆ ವರ್ಷಕ್ಕೆ 5,000 ಬರುತ್ತದೆ. ಅದರಲ್ಲಿ ಎಷ್ಟು ತಗಡು ಆಗುತ್ತೋ ಗೊತ್ತಿಲ್ಲ, ಬಾಣಂತಿ ಇರುವ ಮನೆ, ಲಕ್ವಾ ಆದವರ ಮನೆ ಮೊದಲು ಹಿಡಿಯೋಣ. ಉಳಿದದ್ದಕ್ಕೆ ಪಾಲಿಕೆಗೆ ಅರ್ಜಿ. ಅದರ ಜೊತೆಗೇ ಸಂಜೆ ಓಪಿಡಿ ಅರ್ಜಿ, ಸರ್ ಹೇಳಿದ ಮಾರ್ಗಸೂಚಿಯ ಪ್ರತಿ ಹಚ್ಚಿ. ಮೇಷ್ಟ್ರು ಬರೆದುಕೊಡಲಿ. ಯಾದಗಿರಿಯ ತಂಗಿ ಇರುವ ಜಾಗ ನನ್ನ ಪಟ್ಟಿಯಲ್ಲಿ ಇಲ್ಲ. ಇರಲಿ, ಅದನ್ನೂ ಸೇರಿಸಿ ಬರೆಯಿರಿ. ಮೊದಲು ಅವರ ತಲೆ ಎಣಿಸಬೇಕು.

ಸಭೆ ಭಾನುವಾರ ಅಂಗನವಾಡಿಯಲ್ಲಿ. ಸಂಜೆ ಏಳೂವರೆಗೆ ಇಡಿ. ನಾಲ್ಕಕ್ಕೆ ಇಟ್ಟರೆ ನೀವು ನೌಕರಿಯವರು ಮಾತ್ರ ಬರುತ್ತೀರಿ. ಅವತ್ತು ನೀರು ಬಿಡುವ ದಿನ ಆದರೆ ಮಾತ್ರ ಸೋಮವಾರಕ್ಕೆ ಹಾಕಬೇಕಾಗುತ್ತದೆ, ಎಂಜಿನಿಯರ್ ಸರ್ ವಾಲ್ವ್‌ಮ್ಯಾನ್‌ಗೆ ಕೇಳಿ ಹೇಳಿ.